ಪ್ರೊಫೈಲ್ ಬದಲಿಸದೆ ಬೇರೆ ಪ್ರೊಫೈಲ್‌ನ ಸಿಸ್ಟಮ್ ಸೆಟ್ ನೋಡುವುದು ಹೇಗೆ: ಜೆಂಟೂ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಪುಣೆ, ಮುಂಬೈ ಕಡೆ ಜೆಂಟೂ ಲಿನಕ್ಸ್ ಬಳಸುವ ನಮ್ಮ ಕನ್ನಡದ ಹುಡುಗರು ಹುಡುಗಿಯರು ಮತ್ತೆ ಮತ್ತೆ ಎಡವುವ ಜಾಗ ಇದು. ಪ್ರೊಫೈಲ್ ಅಂದರೆ ಮಷೀನ್‌ನ ಮೂಲ ಸೆಟ್ಟಿಂಗ್‌ಗಳ ಒಂದು ಸಿದ್ಧ ಕಟ್ಟು. ಇವು ಇರಲೇಬೇಕು ಎಂದು ಅದು ಹೇಳುವ ಮೂಲ ಪ್ಯಾಕೇಜ್‌ಗಳ ಪಟ್ಟಿಯೇ ಸಿಸ್ಟಮ್ ಸೆಟ್. ಹಿಂಜವಡಿಯ ಆಫೀಸಿನ ಮಷೀನ್‌ನಲ್ಲಿ ಸಿಸ್ಟಮ್‌ಡಿ (ಸರ್ವಿಸ್‌ಗಳನ್ನು ನಡೆಸುವ ಪ್ರೋಗ್ರಾಂ) ಪ್ರೊಫೈಲ್ ಇರುತ್ತದೆ. ಕೋಥರೂಡ್‌ನ ಮನೆಯ ಮಷೀನ್‌ಗೆ ಭದ್ರತೆ ಬಿಗಿ ಮಾಡಿದ ಹಾರ್ಡನ್ಡ್ ಪ್ರೊಫೈಲ್ ಹಾಕೋಣ ಅನಿಸುತ್ತದೆ. ಎರಡರಲ್ಲೂ ಮೂಲ ಪ್ಯಾಕೇಜ್‌ಗಳು ಯಾವುವು, ಎಲ್ಲಿ ವ್ಯತ್ಯಾಸ ಇದೆ ಎಂದು ನೋಡಬೇಕು. ಆಗ ಏನು ಮಾಡುತ್ತಾರೆ? ಇಸೆಲೆಕ್ಟ್ ಎಂಬ ಆಜ್ಞೆಯಿಂದ ಪ್ರೊಫೈಲನ್ನೇ ಬದಲಿಸಿ, ಪಟ್ಟಿ ನೋಡಿ, ವಾಪಸ್ ಹಾಕುವುದನ್ನು ಮರೆತುಬಿಡುತ್ತಾರೆ. ಮುಂದಿನ ಅಪ್‌ಡೇಟ್‌ನಲ್ಲಿ ಅರ್ಧ ಸಿಸ್ಟಮ್ ಮತ್ತೆ ಕಂಪೈಲ್ ಆಗೋಕೆ ಶುರುವಾಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಅದು ನಡುವೆ ನಿಂತರೆ ಪಾಡು ಇನ್ನೂ ಜಾಸ್ತಿ.

ಬರೀ ನೋಡುವುದಕ್ಕೆ ಪ್ರೊಫೈಲ್ ಬದಲಿಸುವ ಅಗತ್ಯವೇ ಇಲ್ಲ. ನಿಮ್ಮ ಮಷೀನ್‌ನ ಸಂರಚನೆಯನ್ನು ಮುಟ್ಟದೆ, ಪಕ್ಕದಲ್ಲೇ ಒಂದು ಪುಟ್ಟ ಸುಳ್ಳು ಸಂರಚನೆ ಕಟ್ಟಿ, ಪ್ರಶ್ನೆಯನ್ನು ಅದಕ್ಕೆ ಕೇಳಬಹುದು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಬರುವ ಪಟ್ಟಿ ನೋಡೋಕೆ ಸರಿಯಾಗೇ ಕಾಣುತ್ತದೆ, ಆದರೆ ತಪ್ಪಿರುತ್ತದೆ.

ಇನ್ನೊಂದು ಮಾತು. ಆಜ್ಞೆಗಳನ್ನೂ ಫೈಲ್ ದಾರಿಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಬೇರೆ ಹೇಳದಿದ್ದರೆ ಎಲ್ಲವೂ ಸಣ್ಣಕ್ಷರ. ಚುಕ್ಕಿ, ಓರೆಗೆರೆ, ಡ್ಯಾಶ್ ಇರುವ ಹಾಗೇ ಬರಬೇಕು.

## ಮೊದಲು ಬೇಕಾದವು

ಹೊಸದಾಗಿ ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಪೋರ್ಟೇಜ್ (ಜೆಂಟೂನ ಪ್ಯಾಕೇಜ್ ಮ್ಯಾನೇಜರ್), ಇಸೆಲೆಕ್ಟ್, ಗ್ರೆಪ್, ಸಾರ್ಟ್, ಕಾಮ್ (ಎರಡು ಪಟ್ಟಿ ಹೋಲಿಸುವ ಆಜ್ಞೆ, ಕೊನೆಗೆ ಎರಡು ಎಂ) ಇದ್ದರೆ ಸಾಕು. ಪೋರ್ಟೇಜ್ ಪೈಥಾನ್‌ನಲ್ಲೇ ಬರೆದದ್ದು, ಹಾಗಾಗಿ ಪೈಥಾನ್ ಇದ್ದೇ ಇರುತ್ತದೆ.

ಶುರುವಿನ ಸಿಂಕ್ ಬಿಟ್ಟು ಉಳಿದ ಕೆಲಸವನ್ನೆಲ್ಲ ಸಾಮಾನ್ಯ ಬಳಕೆದಾರರಾಗಿಯೇ ಮಾಡಿ. ರೂಟ್ ಆಗಬೇಡಿ. ಯಾಕೆ ಅಂದರೆ, ಹಂತ 7ರಲ್ಲಿ ಇಮರ್ಜ್ (ಪೋರ್ಟೇಜ್‌ನ ಇನ್‌ಸ್ಟಾಲ್ ಮಾಡುವ ಆಜ್ಞೆ) ಓಡಿಸುತ್ತೇವೆ. ಅಲ್ಲಿ ಒಂದು ಆಯ್ಕೆ ಬಿಟ್ಟುಹೋದರೆ, ಬೇರೆ ಪ್ರೊಫೈಲ್‌ನ ಪ್ಯಾಕೇಜ್‌ಗಳು ನಿಮ್ಮ ನಿಜವಾದ ಸಿಸ್ಟಮ್ ಮೇಲೇ ಬಂದು ಕೂರಬಹುದು. ರೂಟ್ ಅಲ್ಲದಿದ್ದರೆ ಅದು ಅಲ್ಲೇ ನಿಲ್ಲುತ್ತದೆ.

ಪ್ಯಾಕೇಜ್ ಮತ್ತು ಪ್ರೊಫೈಲ್ ಫೈಲ್‌ಗಳಿರುವ ರೆಪಾಸಿಟರಿಯನ್ನು ಶುರುವಿನಲ್ಲಿ ಒಮ್ಮೆ ಸಿಂಕ್ ಮಾಡಿ. ಆಮೇಲೆ ಎಲ್ಲ ಪಟ್ಟಿಗಳು ಸಿಗುವ ತನಕ ಸಿಂಕ್ ಮಾಡಬೇಡಿ. ನಡುವೆ ಸಿಂಕ್ ಆದರೆ ನೀವು ಹೋಲಿಸುವುದು ಎರಡು ಪ್ರೊಫೈಲ್‌ಗಳನ್ನಲ್ಲ, ಎರಡು ದಿನಗಳನ್ನು. ಕ್ರಾನ್‌ನಲ್ಲಿ ಸಿಂಕ್ ಹಾಕಿದ್ದರೆ ಅದನ್ನೂ ನಿಲ್ಲಿಸಿ. ಕೊನೆಯ ಸಿಂಕ್ ಯಾವಾಗಿನದು ಎಂಬುದು ರೆಪಾಸಿಟರಿಯ ಮೆಟಾಡೇಟಾ ಫೋಲ್ಡರ್‌ನ ಟೈಮ್‌ಸ್ಟ್ಯಾಂಪ್.ಸಿಎಚ್‌ಕೆ ಎಂಬ ಫೈಲ್‌ನಲ್ಲಿ ಇರುತ್ತದೆ. ಬರೆದಿಟ್ಟುಕೊಳ್ಳಿ.

## ಹಂತ 1: ಈಗ ಎಲ್ಲಿದ್ದೀರಿ, ಯಾವುದನ್ನು ನೋಡಬೇಕು

ಮೊದಲು ಇದನ್ನು ಓಡಿಸಿ:

ಇಸೆಲೆಕ್ಟ್ ಪ್ರೊಫೈಲ್ ಶೋ

ಈಗಿನ ಪ್ರೊಫೈಲ್‌ನ ಪೂರ್ತಿ ಹೆಸರು ಬರುತ್ತದೆ. ಶೋ ಬದಲು ಲಿಸ್ಟ್ ಹಾಕಿದರೆ ಸಿಗಬಹುದಾದ ಎಲ್ಲ ಪ್ರೊಫೈಲ್‌ಗಳು ನಂಬರ್ ಜೊತೆ ಬರುತ್ತವೆ. ಈ ನಂಬರನ್ನು ನಂಬಿ ಎಲ್ಲೂ ಬರೆದಿಡಬೇಡಿ. ಹೊಸ ಪ್ರೊಫೈಲ್ ಸೇರಿದರೆ ನಂಬರ್ ಜರುಗುತ್ತದೆ. ದಾದರ್‌ನಲ್ಲಿರುವ ಗೆಳೆಯನಿಗೆ "21 ಹಾಕು" ಎಂದು ಹೇಳಿದರೆ ಅವನ ಮಷೀನ್‌ನಲ್ಲಿ 21 ಬೇರೆಯದೇ ಆಗಿರಬಹುದು. ಯಾವಾಗಲೂ ಪೂರ್ತಿ ಹೆಸರು ಬಳಸಿ: ಡೀಫಾಲ್ಟ್/ಲಿನಕ್ಸ್/ಎಎಂಡಿ64/23.0/ಹಾರ್ಡನ್ಡ್ ಎಂಬ ಹಾಗೆ.

ಇಸೆಲೆಕ್ಟ್ ತೋರಿಸುವುದು ನಿಮ್ಮ ಆರ್ಕಿಟೆಕ್ಚರ್‌ನ ಪ್ರೊಫೈಲ್‌ಗಳನ್ನು ಮಾತ್ರ. ಎಆರ್‌ಎಂ64 ಬೋರ್ಡ್ ಒಂದಕ್ಕೆ ನೋಡಬೇಕಿದ್ದರೆ /ವಾರ್/ಡಿಬಿ/ರೆಪೋಸ್/ಜೆಂಟೂ/ಪ್ರೊಫೈಲ್ಸ್ ಒಳಗಿನ ಪ್ರೊಫೈಲ್ಸ್.ಡೆಸ್ಕ್ ಫೈಲ್ ತೆರೆಯಿರಿ. ಅಲ್ಲಿ ಎಲ್ಲ ಆರ್ಕಿಟೆಕ್ಚರ್‌ಗಳ ಪ್ರೊಫೈಲ್‌ಗಳೂ ಇವೆ. ಪ್ರತಿಯೊಂದರ ಮುಂದೆ ಅದು ಸ್ಟೇಬಲ್, ಡೆವ್, ಎಕ್ಸ್‌ಪ್ ಇವುಗಳಲ್ಲಿ ಯಾವುದು ಅಂತಲೂ ಬರೆದಿದೆ. ಎಕ್ಸ್‌ಪ್ ಅಂದರೆ ಪ್ರಯೋಗದ ಹಂತದ್ದು.

23.0 ಸರಣಿ ಬಂದದ್ದು 2024ರ ಮಾರ್ಚ್‌ನಲ್ಲಿ. ಇದರಲ್ಲಿ ಮರ್ಜ್ಡ್-ಯುಎಸ್‌ಆರ್ (/ಬಿನ್, /ಲಿಬ್ ಥರದ ಫೋಲ್ಡರ್‌ಗಳು /ಯುಎಸ್‌ಆರ್ ಒಳಗೇ ಸೇರಿದ ವಿನ್ಯಾಸ) ಡೀಫಾಲ್ಟ್. ಹಳೆಯ ವಿನ್ಯಾಸ ಬೇಕಾದವರಿಗೆ ಹೆಸರಿನ ಮಧ್ಯೆ ಸ್ಪ್ಲಿಟ್-ಯುಎಸ್‌ಆರ್ ಎಂದಿರುವ ಬೇರೆ ಪ್ರೊಫೈಲ್‌ಗಳಿವೆ. ಹೋಲಿಸುವಾಗ ಒಂದು ಕಡೆ ಮರ್ಜ್ಡ್, ಇನ್ನೊಂದು ಕಡೆ ಸ್ಪ್ಲಿಟ್ ತೆಗೆದುಕೊಳ್ಳಬೇಡಿ. ಬೇಡದ ವ್ಯತ್ಯಾಸಗಳು ಸೇರಿಕೊಂಡು ತಲೆ ಕೆಡಿಸುತ್ತವೆ.

## ಹಂತ 2: ನಕ್ಷತ್ರದ ಗುರುತು ಓದುವುದು ಕಲಿಯಿರಿ

ಸಿಸ್ಟಮ್ ಸೆಟ್ ಯಾವುದೋ ಒಂದು ಜಾಗದಲ್ಲಿ ಪೂರ್ತಿಯಾಗಿ ಬರೆದಿಟ್ಟಿರುವುದಿಲ್ಲ. ಪ್ರೊಫೈಲ್ ಫೋಲ್ಡರ್‌ಗಳಲ್ಲಿ ಅಲ್ಲಲ್ಲಿ ಪ್ಯಾಕೇಜಸ್ ಎಂಬ ಹೆಸರಿನ ಫೈಲ್‌ಗಳಿರುತ್ತವೆ. ಅವೆಲ್ಲ ಸೇರಿ ಸೆಟ್ ಆಗುತ್ತದೆ. ಬೇಸ್ ಫೋಲ್ಡರ್‌ನಲ್ಲಿರುವ ಪ್ಯಾಕೇಜಸ್ ಫೈಲ್ ತೆರೆದು ನೋಡಿ. ಬ್ಯಾಷ್, ಕೋರ್‌ಯುಟಿಲ್ಸ್, ಗ್ರೆಪ್, ಸೆಡ್ ಇವೆಲ್ಲ ಅಲ್ಲಿವೆ. ಗೆರೆಗಳನ್ನು ಹೀಗೆ ಓದಬೇಕು:

ಗೆರೆಯ ಶುರುವಿನಲ್ಲಿ * ಇದ್ದರೆ ಆ ಪ್ಯಾಕೇಜ್ @ಸಿಸ್ಟಮ್ ಸೆಟ್‌ನಲ್ಲಿದೆ. * ಇಲ್ಲದ ಗೆರೆ ಸಿಸ್ಟಮ್ ಸೆಟ್‌ಗೆ ಸೇರುವುದಿಲ್ಲ. ಅದು @ಪ್ರೊಫೈಲ್ ಎಂಬ ಬೇರೆ ಸೆಟ್‌ಗೆ ಸಂಬಂಧಪಟ್ಟದ್ದು. -* ಎಂದು ಶುರುವಾಗಿ ಪಕ್ಕದಲ್ಲೇ ಪ್ಯಾಕೇಜ್ ಹೆಸರಿದ್ದರೆ, ಮೇಲಿನ ಪ್ರೊಫೈಲ್‌ನಿಂದ ಬಂದಿದ್ದನ್ನು ಇಲ್ಲಿ ತೆಗೆದುಹಾಕಲಾಗಿದೆ ಎಂದರ್ಥ.

ಈ ತೆಗೆಯುವ ಗೆರೆಯಲ್ಲಿ ಒಂದು ಸೂಕ್ಷ್ಮ ಇದೆ. ಅದು ಅಕ್ಷರಕ್ಕೆ ಅಕ್ಷರ ಹೊಂದಿದರೆ ಮಾತ್ರ ಕೆಲಸ ಮಾಡುತ್ತದೆ. ಮೇಲೆ ಸ್ಲಾಟ್ ನಂಬರ್ (ಒಂದೇ ಪ್ಯಾಕೇಜ್‌ನ ಬೇರೆ ಬೇರೆ ವರ್ಶನ್‌ಗಳನ್ನು ಜೊತೆಗಿಡುವ ಗುರುತು) ಸಹಿತ ಬರೆದಿದ್ದು, ಕೆಳಗೆ ಸ್ಲಾಟ್ ಇಲ್ಲದೆ ತೆಗೆಯಲು ಹೋದರೆ ಏನೂ ಆಗುವುದಿಲ್ಲ. ತಪ್ಪಿನ ಸಂದೇಶವೂ ಬರುವುದಿಲ್ಲ. ಸ್ವಂತ ಪ್ರೊಫೈಲ್ ಬರೆಯುವವರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ.

@ವರ್ಲ್ಡ್ ಜೊತೆ ಇದನ್ನು ಕಲಸಿಕೊಳ್ಳಬೇಡಿ. ನೀವೇ ಹೆಸರು ಹೇಳಿ ಹಾಕಿಕೊಂಡ ಪ್ಯಾಕೇಜ್‌ಗಳು @ಸೆಲೆಕ್ಟೆಡ್. ಅವು, @ಸಿಸ್ಟಮ್ ಮತ್ತು @ಪ್ರೊಫೈಲ್ ಮೂರೂ ಸೇರಿದರೆ @ವರ್ಲ್ಡ್. ನಮಗೆ ಬೇಕಾದದ್ದು ಮಧ್ಯದ್ದು ಮಾತ್ರ.

## ಹಂತ 3: ಪೇರೆಂಟ್ ಫೈಲ್‌ಗಳ ದಾರಿ ಹಿಡಿಯಿರಿ

ಬಹಳ ಜನ ಮಾಡುವ ತಪ್ಪು ಏನು ಗೊತ್ತಾ? ಹಾರ್ಡನ್ಡ್ ಫೋಲ್ಡರ್ ಒಳಗೆ ಹೋಗಿ ಪ್ಯಾಕೇಜಸ್ ಫೈಲ್ ಹುಡುಕುತ್ತಾರೆ. ಅಲ್ಲಿ ಸಿಗದಿದ್ದರೆ "ಈ ಪ್ರೊಫೈಲ್‌ಗೆ ಸಿಸ್ಟಮ್ ಸೆಟ್ಟೇ ಇಲ್ಲ" ಎಂದುಕೊಳ್ಳುತ್ತಾರೆ. ಸೆಟ್ ಇದೆ, ಅಲ್ಲಿ ಇಲ್ಲ ಅಷ್ಟೆ.

ಪ್ರತಿ ಪ್ರೊಫೈಲ್ ಫೋಲ್ಡರ್‌ನಲ್ಲಿ ಪೇರೆಂಟ್ ಎಂಬ ಫೈಲ್ ಇರಬಹುದು. ಅದರಲ್ಲಿ ಒಂದೊಂದು ಗೆರೆಯಲ್ಲೂ ಇನ್ನೊಂದು ಪ್ರೊಫೈಲ್‌ನ ದಾರಿ ಇರುತ್ತದೆ. ಆ ಪ್ರೊಫೈಲ್‌ಗೂ ಪೇರೆಂಟ್ ಇರಬಹುದು. ಅಜ್ಜನ ಆಸ್ತಿ ಅಪ್ಪನಿಗೆ, ಅಪ್ಪನದು ಮಗನಿಗೆ ಬಂದ ಹಾಗೆ ಪಟ್ಟಿ ಕೆಳಗಿಳಿಯುತ್ತದೆ. ಮಗ ಅದಕ್ಕೆ ಸೇರಿಸಬಹುದು, ಅದರಿಂದ ತೆಗೆಯಬಹುದು.

ಓದುವ ಕ್ರಮ ತುಂಬಾ ಮುಖ್ಯ. ಪೇರೆಂಟ್ ಫೈಲ್‌ನ ಮೊದಲ ಗೆರೆ ಹಿಡಿದು ಅದರ ಬೇರಿನ ತನಕ ಹೋಗಬೇಕು. ಅದೆಲ್ಲ ಮುಗಿದ ಮೇಲೆ ಎರಡನೇ ಗೆರೆ. ಎಲ್ಲ ಪೇರೆಂಟ್‌ಗಳು ಮುಗಿದ ಮೇಲೆ ಕೊನೆಗೆ ಆ ಪ್ರೊಫೈಲ್‌ನ ಸ್ವಂತ ಫೈಲ್‌ಗಳು. ಆಮೇಲೆ ಬಂದದ್ದು ಮೊದಲು ಬಂದದ್ದನ್ನು ಮೀರುತ್ತದೆ. ಒಂದೇ ಪೇರೆಂಟ್ ಎರಡು ಕಡೆಯಿಂದ ಬಂದರೆ ಅದನ್ನು ಎರಡು ಸಲವೂ ಓದಲಾಗುತ್ತದೆ. ಇದರಿಂದ, ಮೊದಲು ತೆಗೆದುಹಾಕಿದ್ದ ಪ್ಯಾಕೇಜ್ ಮತ್ತೆ ಸೇರಿಕೊಳ್ಳಲೂಬಹುದು.

ಅದಕ್ಕೇ ಕೈಯಿಂದ ಲೆಕ್ಕ ಹಾಕಬೇಡಿ ಎಂದು ಒತ್ತಿ ಹೇಳುತ್ತೇನೆ. ಒಂದು ಸಲ ಕೈಯಿಂದ ದಾರಿ ಹಿಡಿದು ನೋಡಿ, ಅರ್ಥವಾಗಲಿ. ಆದರೆ ಪಟ್ಟಿಯನ್ನು ಪೋರ್ಟೇಜ್ ಕೈಯಲ್ಲೇ ಮಾಡಿಸಿ. ಗ್ರೆಪ್‌ನಿಂದ ಎಲ್ಲ ಪ್ಯಾಕೇಜಸ್ ಫೈಲ್‌ಗಳನ್ನು ಒಟ್ಟಿಗೆ ಗುಡಿಸಿ ಹಾಕಿದರೆ ನಿಮಗೆ ಸಂಬಂಧವೇ ಇಲ್ಲದ ಆರ್ಕಿಟೆಕ್ಚರ್‌ಗಳ ಗೆರೆಗಳೂ ಸೇರಿಕೊಳ್ಳುತ್ತವೆ.

## ಹಂತ 4: ಸುಳ್ಳು ಸಂರಚನೆ ಕಟ್ಟುವುದು

ಇದೇ ಈ ಕೆಲಸದ ಜೀವ. ಪೋರ್ಟೇಜ್ ತನ್ನ ಸಂರಚನೆಯನ್ನು /ಇಟಿಸಿ/ಪೋರ್ಟೇಜ್ ಒಳಗೆ ಓದುತ್ತದೆ. ಅಲ್ಲಿ ಮೇಕ್.ಪ್ರೊಫೈಲ್ ಎಂಬ ಸಿಮ್‌ಲಿಂಕ್ (ಬೇರೆ ಜಾಗಕ್ಕೆ ಕೈತೋರಿಸುವ ಕೊಂಡಿ) ಇದೆ. ಪ್ರೊಫೈಲ್ ಬದಲಿಸುವುದು ಎಂದರೆ ಈ ಲಿಂಕ್ ಬದಲಿಸುವುದು. ಆದರೆ ಪೋರ್ಟೇಜ್_ಕಾನ್ಫಿಗ್‌ರೂಟ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಬೇರೆ ಫೋಲ್ಡರ್ ಹೆಸರು ಕೊಟ್ಟರೆ, ಪೋರ್ಟೇಜ್ ಆ ಫೋಲ್ಡರ್ ಒಳಗಿನ ಇಟಿಸಿ/ಪೋರ್ಟೇಜ್ ಓದುತ್ತದೆ. ನಿಮ್ಮ ನಿಜವಾದ /ಇಟಿಸಿ ಹಾಗೇ ಇರುತ್ತದೆ. ಗಮನಿಸಿ, ಈ ವೇರಿಯಬಲ್ ಹೆಸರು ಪೂರ್ತಿ ದೊಡ್ಡಕ್ಷರದಲ್ಲಿ, ನಡುವೆ ಅಂಡರ್‌ಸ್ಕೋರ್ ಒಂದೇ.

ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಪಿಎಫ್ ಎಂಬ ಜಾಗ ಮಾಡಿಕೊಂಡು, ಹೋಲಿಸಬೇಕಾದ ಪ್ರತಿ ಪ್ರೊಫೈಲ್‌ಗೂ ಒಂದೊಂದು ಮರ ಕಟ್ಟಿ:

ಎಂಕೆಡಿಐಆರ್ -ಪಿ ~/ಪಿಎಫ್/ಹಾರ್ಡ್/ಇಟಿಸಿ/ಪೋರ್ಟೇಜ್

ಎಲ್‌ಎನ್ -ಎಸ್ /ವಾರ್/ಡಿಬಿ/ರೆಪೋಸ್/ಜೆಂಟೂ/ಪ್ರೊಫೈಲ್ಸ್/ಡೀಫಾಲ್ಟ್/ಲಿನಕ್ಸ್/ಎಎಂಡಿ64/23.0/ಹಾರ್ಡನ್ಡ್ ~/ಪಿಎಫ್/ಹಾರ್ಡ್/ಇಟಿಸಿ/ಪೋರ್ಟೇಜ್/ಮೇಕ್.ಪ್ರೊಫೈಲ್

ಸಿಸ್ಟಮ್‌ಡಿ ಪ್ರೊಫೈಲ್‌ಗೂ ಇದೇ ಥರ ~/ಪಿಎಫ್/ಎಸ್‌ಡಿ ಮಾಡಿ.

ಲಿಂಕ್‌ನ ದಾರಿ ಬೇರು ಓರೆಗೆರೆಯಿಂದಲೇ ಶುರುವಾಗಲಿ. ಇಸೆಲೆಕ್ಟ್ ಮಾಡುವ ಲಿಂಕ್ ಚುಕ್ಕಿ-ಚುಕ್ಕಿ ಹಿಡಿದು ಹಿಂದೆ ಹೋಗುವ ದಾರಿಯಾಗಿರುತ್ತದೆ. ಅದನ್ನೇ ಕಾಪಿ ಮಾಡಿ ಇಲ್ಲಿ ತಂದಿಟ್ಟರೆ ಎಲ್ಲಿಗೂ ತಲುಪುವುದಿಲ್ಲ. ಕಟ್ಟಿದ ಮೇಲೆ ಎಲ್‌ಎಸ್ ಹಾಕಿ, ಲಿಂಕ್ ಒಳಗಿನ ಫೈಲ್‌ಗಳು ಕಾಣುತ್ತವೆಯಾ ಎಂದು ಖಚಿತ ಮಾಡಿಕೊಳ್ಳಿ.

ನಿಮ್ಮ ಮೇಕ್.ಕಾನ್ಫ್ ಫೈಲನ್ನು ಇಲ್ಲಿಗೆ ತರಬೇಡಿ. ಅದು ಇಲ್ಲದಿರುವುದೇ ನಮಗೆ ಒಳ್ಳೆಯದು. ನಿಮ್ಮ ಸ್ವಂತ ಯೂಸ್ ಫ್ಲ್ಯಾಗ್‌ಗಳು (ಪ್ಯಾಕೇಜ್‌ನಲ್ಲಿ ಯಾವ ಸೌಲಭ್ಯ ಬೇಕು, ಯಾವುದು ಬೇಡ ಎಂಬ ಆಯ್ಕೆಗಳು) ಸೇರಿಕೊಂಡರೆ ಯಾವುದು ಪ್ರೊಫೈಲ್‌ನದು, ಯಾವುದು ನಿಮ್ಮದು ಎಂದು ಬಿಡಿಸೋಕಾಗುವುದಿಲ್ಲ. ರೆಪೋಸ್.ಕಾನ್ಫ್ ವಿಷಯ ಬೇರೆ. ಮುಖ್ಯ ರೆಪಾಸಿಟರಿ ಮಾಮೂಲಿ ಜಾಗದಲ್ಲಿದ್ದರೆ ಅದೂ ಬೇಡ, ಪೋರ್ಟೇಜ್ ಜೊತೆ ಬರುವ ಡೀಫಾಲ್ಟ್ ಸಾಕು. ರೆಪಾಸಿಟರಿಯನ್ನು ಬೇರೆ ಕಡೆ ಇಟ್ಟಿದ್ದರೆ, ಅಥವಾ ಪ್ರೊಫೈಲ್ ಓವರ್‌ಲೇ (ಹೆಚ್ಚುವರಿ ರೆಪಾಸಿಟರಿ) ಒಂದರಿಂದ ಬಂದಿದ್ದರೆ, ರೆಪೋಸ್.ಕಾನ್ಫ್ ಕಾಪಿ ಮಾಡಲೇಬೇಕು.

## ಹಂತ 5: ಕಚ್ಚಾ ಪಟ್ಟಿ ತೆಗೆಯುವುದು

ಈಗ ಪೈಥಾನ್‌ನಿಂದ ಪೋರ್ಟೇಜನ್ನೇ ಕೇಳೋಣ. ಇದು ಇಮರ್ಜ್‌ಗಿಂತ ಸುರಕ್ಷಿತ, ಓದುವುದು ಬಿಟ್ಟು ಬೇರೇನೂ ಮಾಡುವುದಿಲ್ಲ.

ಮೊದಲು ಪ್ರೊಫೈಲ್‌ಗಳ ಸಾಲು ಸರಿಯಾಗಿದೆಯಾ ನೋಡಿ. ಪೋರ್ಟೇಜ್_ಕಾನ್ಫಿಗ್‌ರೂಟ್=$ಹೋಮ್/ಪಿಎಫ್/ಹಾರ್ಡ್ ಎಂದು ಬರೆದು, ಅದೇ ಗೆರೆಯಲ್ಲಿ ಜಾಗ ಬಿಟ್ಟು ಮುಂದಿನದನ್ನು ಸೇರಿಸಿ. ಡಾಲರ್ ಪಕ್ಕದ ಹೋಮ್ ಕೂಡ ದೊಡ್ಡಕ್ಷರ:

ಪೈಥಾನ್3 -ಸಿ 'ಇಂಪೋರ್ಟ್ ಪೋರ್ಟೇಜ್; ಪ್ರಿಂಟ್(*ಪೋರ್ಟೇಜ್.ಸೆಟ್ಟಿಂಗ್ಸ್.ಪ್ರೊಫೈಲ್ಸ್, ಸೆಪ್="\ಎನ್")'

ಹಂತ 3ರಲ್ಲಿ ಹೇಳಿದ ಕ್ರಮದಲ್ಲೇ ಫೋಲ್ಡರ್‌ಗಳ ಸಾಲು ಬರುತ್ತದೆ. ಕೊನೆಯ ಗೆರೆಯಲ್ಲಿ ಹಾರ್ಡನ್ಡ್ ಇರಬೇಕು. ಅಲ್ಲಿ ನಿಮ್ಮ ಈಗಿನ ಪ್ರೊಫೈಲ್ ಹೆಸರು ಕಂಡರೆ ನಿಲ್ಲಿ. ವೇರಿಯಬಲ್ ತಲುಪಿಲ್ಲ ಎಂದರ್ಥ. ಹೆಸರಿನ ಕಾಗುಣಿತ ತಪ್ಪಿದಾಗಲೂ, ವೇರಿಯಬಲ್ ಬೇರೆ ಗೆರೆಯಲ್ಲಿ ಬರೆದು ಎಕ್ಸ್‌ಪೋರ್ಟ್ ಮಾಡದಿದ್ದಾಗಲೂ ಹೀಗಾಗುತ್ತದೆ. ಡೊಂಬಿವಲಿಯಿಂದ ಒಬ್ಬ ತಮ್ಮ ಕೇಳಿದ್ದ, "ಅಣ್ಣಾ, ಯಾವ ಪ್ರೊಫೈಲ್ ಹಾಕಿದ್ರೂ ಒಂದೇ ಪಟ್ಟಿ ಬರ್ತಾ ಇದೆಯಲ್ಲ?" ಕಾರಣ ಇದೇ ಆಗಿತ್ತು. ಈ ಒಂದು ಪರೀಕ್ಷೆ ಬಿಟ್ಟು ಮುಂದೆ ಹೋಗಬೇಡಿ.

ಸಾಲು ಸರಿ ಇದ್ದರೆ ಅದೇ ಆಜ್ಞೆಯಲ್ಲಿ ಪ್ರೊಫೈಲ್ಸ್ ಎಂಬ ಜಾಗದಲ್ಲಿ ಪ್ಯಾಕೇಜಸ್ ಎಂದು ಬದಲಿಸಿ. ಈಗ ಸೇರಿಸಿದ್ದು, ತೆಗೆದದ್ದು ಎಲ್ಲ ಲೆಕ್ಕ ಮುಗಿದ ಮೇಲಿನ ಪಟ್ಟಿ ಬರುತ್ತದೆ. ನಕ್ಷತ್ರ ಇರುವುದನ್ನು ಮಾತ್ರ ಉಳಿಸಿಕೊಳ್ಳಲು ಪೈಪ್ ಹಾಕಿ ಗ್ರೆಪ್ '^\*' ಸೇರಿಸಿ. ಆಮೇಲೆ ಇನ್ನೊಂದು ಪೈಪ್ ಹಾಕಿ ಎಲ್‌ಸಿ_ಆಲ್=ಸಿ ಸಾರ್ಟ್ ಎಂದು ಸೇರಿಸಿ, ~/ಪಿಎಫ್/ಹಾರ್ಡ್.ಟಿಎಕ್ಸ್‌ಟಿ ಫೈಲ್‌ಗೆ ಕಳಿಸಿ. ಎಲ್‌ಸಿ_ಆಲ್, ಅದರ ಮುಂದಿನ ಸಿ ಎರಡೂ ದೊಡ್ಡಕ್ಷರ. ಎಸ್‌ಡಿ ಮರಕ್ಕೂ ಇದನ್ನೇ ಮಾಡಿ.

## ಹಂತ 6: ಹೋಲಿಸುವುದು

ಎಲ್‌ಸಿ_ಆಲ್=ಸಿ ಕಾಮ್ -3 ~/ಪಿಎಫ್/ಹಾರ್ಡ್.ಟಿಎಕ್ಸ್‌ಟಿ ~/ಪಿಎಫ್/ಎಸ್‌ಡಿ.ಟಿಎಕ್ಸ್‌ಟಿ

ಎಡಕ್ಕೆ ಅಂಟಿಕೊಂಡ ಗೆರೆಗಳು ಮೊದಲ ಪ್ರೊಫೈಲ್‌ನಲ್ಲಿ ಮಾತ್ರ ಇರುವವು. ಒಳಗೆ ಸರಿದ ಗೆರೆಗಳು ಎರಡನೆಯದರಲ್ಲಿ ಮಾತ್ರ ಇರುವವು. ಎರಡರಲ್ಲೂ ಇರುವುದು ಬೇಕಿದ್ದರೆ -3 ಬದಲು -12 ಹಾಕಿ. ಫೈಲ್ ಸಾರ್ಟ್ ಆಗಿಲ್ಲ ಎಂದು ಕಾಮ್ ಗೊಣಗಿದರೆ, ಸಾರ್ಟ್ ಮಾಡುವಾಗ ಒಂದು ಲೊಕೇಲ್, ಹೋಲಿಸುವಾಗ ಇನ್ನೊಂದು ಲೊಕೇಲ್ ಇತ್ತು ಎಂದರ್ಥ. ಆ ಪಟ್ಟಿ ನಂಬಬೇಡಿ.

ಪರದೆ ಖಾಲಿ ಬಂದರೆ? ಗಾಬರಿ ಬೇಡ. ಪ್ರೊಫೈಲ್‌ಗಳ ಸಾಲು ಎರಡಕ್ಕೂ ಬೇರೆ ಬೇರೆ ಬಂದಿದ್ದರೆ, ಖಾಲಿ ಪರದೆ ಕೂಡ ಸರಿಯಾದ ಉತ್ತರವೇ. ಡೆಸ್ಕ್‌ಟಾಪ್ ಥರದ ಪ್ರೊಫೈಲ್‌ಗಳ ಮುಖ್ಯ ಕೆಲಸ ಯೂಸ್ ಫ್ಲ್ಯಾಗ್ ಬದಲಿಸುವುದು, ಸಿಸ್ಟಮ್ ಸೆಟ್ ಬದಲಿಸುವುದಲ್ಲ. ವ್ಯತ್ಯಾಸ ಬೇರೆ ಕಡೆ ಅಡಗಿರುತ್ತದೆ, ಅದನ್ನು ಮುಂದಿನ ಹಂತದಲ್ಲಿ ನೋಡೋಣ. ಹಿಂದಿನ ಹಂತದ ಪರೀಕ್ಷೆ ಬೇಕಾದದ್ದು ಇದಕ್ಕೇ, ಅಲ್ವಾ? ಅದಿಲ್ಲದಿದ್ದರೆ ಸರಿಯಾದ ಖಾಲಿ ಯಾವುದು, ತಪ್ಪಾದ ಖಾಲಿ ಯಾವುದು ಗೊತ್ತಾಗುವುದಿಲ್ಲ.

## ಹಂತ 7: ವರ್ಚುವಲ್‌ಗಳ ಒಳಗೆ ಇಣುಕುವುದು

ಪಟ್ಟಿಯಲ್ಲಿ ವರ್ಚುವಲ್/ ಎಂದು ಶುರುವಾಗುವ ಹೆಸರುಗಳು ಕಾಣುತ್ತವೆ. ಸರ್ವಿಸ್-ಮ್ಯಾನೇಜರ್, ಎಡಿಟರ್, ಎಸ್‌ಎಸ್‌ಎಚ್, ಪ್ಯಾಕೇಜ್-ಮ್ಯಾನೇಜರ್ ಹೀಗೆ. ಇವು ನಿಜವಾದ ಪ್ಯಾಕೇಜ್ ಅಲ್ಲ, "ಈ ಕೆಲಸ ಮಾಡುವ ಯಾವುದಾದರೂ ಒಂದು ಇರಲಿ" ಎಂಬ ಬೇಡಿಕೆ. ವರ್ಚುವಲ್/ಸರ್ವಿಸ್-ಮ್ಯಾನೇಜರ್ ಎಂಬ ಒಂದೇ ಗೆರೆ ಒಂದು ಪ್ರೊಫೈಲ್‌ನಲ್ಲಿ ಓಪನ್‌ಆರ್‌ಸಿ ತರುತ್ತದೆ, ಇನ್ನೊಂದರಲ್ಲಿ ಸಿಸ್ಟಮ್‌ಡಿ ತರುತ್ತದೆ. ಕಚ್ಚಾ ಪಟ್ಟಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಇದನ್ನು ಬಿಡಿಸಲು ಇಮರ್ಜ್ ಬೇಕು. ಆದರೆ ಇಮರ್ಜ್ ನಿಮ್ಮ ಮಷೀನ್‌ನಲ್ಲಿ ಆಗಲೇ ಇರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಿಮ್ಮ ಹತ್ತಿರ ವಿಮ್ ಇದ್ದರೆ ಎಡಿಟರ್ ಬೇಡಿಕೆ ಅದರಿಂದಲೇ ತೀರಿತು ಎಂದುಕೊಳ್ಳುತ್ತದೆ, ನ್ಯಾನೋ ತೋರಿಸುವುದೇ ಇಲ್ಲ. ಹಾಗಾಗಿ ಖಾಲಿ ರೂಟ್ ಒಂದನ್ನು ಕೊಡಬೇಕು. ~/ಪಿಎಫ್/ಖಾಲಿ ಎಂಬ ಫೋಲ್ಡರ್ ಮಾಡಿ, ನಂತರ:

ಇಮರ್ಜ್ --ಪ್ರಿಟೆಂಡ್ --ಇಗ್ನೋರ್-ಡೀಫಾಲ್ಟ್-ಆಪ್ಟ್ಸ್ --ವರ್ಬೋಸ್ --ಕಾನ್ಫಿಗ್-ರೂಟ್=$ಹೋಮ್/ಪಿಎಫ್/ಹಾರ್ಡ್ --ರೂಟ್=$ಹೋಮ್/ಪಿಎಫ್/ಖಾಲಿ @ಸಿಸ್ಟಮ್

ಪ್ರಿಟೆಂಡ್ ಮೊದಲೇ ಬರಲಿ, ಬೆರಳಿಗೆ ಅದೇ ಅಭ್ಯಾಸವಾಗಲಿ. ಅದು ಬಿಟ್ಟುಹೋದರೆ ಇಮರ್ಜ್ ಬರೀ ತೋರಿಸುವುದಿಲ್ಲ, ಕಟ್ಟಲು ಹೊರಡುತ್ತದೆ. ಇಗ್ನೋರ್-ಡೀಫಾಲ್ಟ್-ಆಪ್ಟ್ಸ್ ಯಾಕೆಂದರೆ, ಎನ್ವಿರಾನ್‌ಮೆಂಟ್‌ನಲ್ಲಿ ನೀವು ಇಟ್ಟುಕೊಂಡ ಡೀಫಾಲ್ಟ್ ಆಯ್ಕೆಗಳು ಪಟ್ಟಿಯನ್ನು ಕತ್ತರಿಸಬಾರದು.

ಉತ್ತರದಲ್ಲಿ ಎರಡು ಥರದ ಗೆರೆಗಳಿರಬಹುದು. ಖಾಲಿ ಫೋಲ್ಡರ್‌ನ ದಾರಿ ಇರುವ ಗೆರೆಗಳು ನಮಗೆ ಬೇಕಾದವು. ಆ ದಾರಿ ಇಲ್ಲದವು ಕಟ್ಟಲು ನಿಮ್ಮ ಮಷೀನ್‌ನಲ್ಲಿ ಬೇಕಾದ ಸಾಮಾನು. ಮೊದಲಿನವನ್ನು ಗ್ರೆಪ್‌ನಿಂದ ಬೇರೆ ಮಾಡಿ. ಇದರಲ್ಲಿ ಸಿಸ್ಟಮ್ ಸೆಟ್ ಮಾತ್ರವಲ್ಲ, ಅದರ ಅವಲಂಬನೆಗಳೂ ಇರುತ್ತವೆ. ಪಟ್ಟಿ ಉದ್ದ ಇದೆ ಎಂದು ಗಾಬರಿಯಾಗಬೇಡಿ. ಯೂಸ್ ಫ್ಲ್ಯಾಗ್‌ಗಳೂ ಪಕ್ಕದಲ್ಲೇ ಕಾಣುತ್ತವೆ. ಪ್ರೊಫೈಲ್‌ಗಳ ನಿಜವಾದ ವ್ಯತ್ಯಾಸ ಬಹಳ ಸಲ ಅಲ್ಲೇ ಸಿಗುತ್ತದೆ.

ಅವಲಂಬನೆ ಬೇಡ, ಸೆಟ್‌ನ ಸದಸ್ಯರು ಮತ್ತು ವರ್ಶನ್ ಸಾಕು ಅನಿಸಿದರೆ --ನೋಡೆಪ್ಸ್ ಸೇರಿಸಿ.

## ಹಂತ 8: ನಿಮ್ಮದೇ ತಿದ್ದುಪಡಿಗಳನ್ನು ಮರೆಯಬೇಡಿ

/ಇಟಿಸಿ/ಪೋರ್ಟೇಜ್/ಪ್ರೊಫೈಲ್ ಎಂಬ ಫೋಲ್ಡರ್ ನಿಮ್ಮ ಮಷೀನ್‌ನಲ್ಲಿ ಇದೆಯಾ ನೋಡಿ. ಇದ್ದರೆ ಪೋರ್ಟೇಜ್ ಅದನ್ನು ಎಲ್ಲಕ್ಕಿಂತ ಕೊನೆಯ ಪ್ರೊಫೈಲ್ ಎಂದು ಓದುತ್ತದೆ. ಅದರೊಳಗೆ ಪ್ಯಾಕೇಜಸ್ ಫೈಲ್ ಇದ್ದರೆ ಸಿಸ್ಟಮ್ ಸೆಟ್ ಬದಲಾಗಿರುತ್ತದೆ. ಸುಳ್ಳು ಮರದಲ್ಲಿ ಅದು ಇಲ್ಲದ ಕಾರಣ, ನಿಮ್ಮ ನಿಜವಾದ ಮಷೀನ್‌ನ ಪಟ್ಟಿಗೂ ಅದೇ ಪ್ರೊಫೈಲ್‌ನ ಸುಳ್ಳು ಮರದ ಪಟ್ಟಿಗೂ ಹೊಂದುವುದಿಲ್ಲ. ಆಫೀಸಿನಲ್ಲಿ ಯಾರೋ ಹಿಂದೆ ಕಟ್ಟಿದ ಮಷೀನ್ ಕೈಗೆ ಬಂದಿದ್ದರೆ ಇದನ್ನೇ ಮೊದಲು ನೋಡಿ.

ಆ ತಿದ್ದುಪಡಿಗಳ ಸಮೇತ ಹೊಸ ಪ್ರೊಫೈಲ್ ಹೇಗೆ ಕಾಣುತ್ತದೆ ಎಂದು ತಿಳಿಯಬೇಕಿದ್ದರೆ, ಆ ಫೋಲ್ಡರನ್ನು ಸುಳ್ಳು ಮರದ ಇಟಿಸಿ/ಪೋರ್ಟೇಜ್ ಒಳಗೆ ಕಾಪಿ ಮಾಡಿ ಹಂತ 5ರಿಂದ ಮತ್ತೆ ಮಾಡಿ. ಎರಡೂ ಥರದ ಪಟ್ಟಿಗಳನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳುವುದು ವಾಸಿ.

## ಅಪಾಯದ ಸೂಚನೆಗಳು

ಮೇಕ್.ಪ್ರೊಫೈಲ್ ಸಿಮ್‌ಲಿಂಕ್ ಅಲ್ಲ ಎಂಬ ದೂರು ಬಂದರೆ ಲಿಂಕ್ ಬದಲು ಫೋಲ್ಡರ್ ಕಾಪಿ ಆಗಿದೆ, ಅಥವಾ ಲಿಂಕ್ ಇಲ್ಲವೇ ಇಲ್ಲ. ಈಗಿನ ಪ್ರೊಫೈಲ್ ಸರಿಯಿಲ್ಲ, ಸಹಾಯ, ಹುಡುಕಾಟ, ಸಿಂಕ್ ಥರದ ಕೆಲವು ಕೆಲಸ ಮಾತ್ರ ಮಾಡಬಹುದು ಎಂದು ಇಮರ್ಜ್ ಹೇಳಿದರೆ ಲಿಂಕ್ ತಪ್ಪು ಜಾಗಕ್ಕೆ ಹೋಗಿದೆ. ಎರಡಕ್ಕೂ ಮದ್ದು ಹಂತ 4.

ಈ ಸಂದೇಶಗಳು ಸುಳ್ಳು ಮರ ಬಳಸದೆ, ಮಾಮೂಲಿಯಾಗಿ ಇಮರ್ಜ್ ಓಡಿಸಿದಾಗ ಬಂದರೆ ಮಾತ್ರ ತಕ್ಷಣ ಕೈ ತೆಗೆಯಿರಿ. ನಿಜವಾದ /ಇಟಿಸಿ ಮುಟ್ಟಿಬಿಟ್ಟಿದ್ದೀರಿ. ಹಂತ 1ರಲ್ಲಿ ನೋಡಿದ ಹಳೆಯ ಹೆಸರನ್ನು ಇಸೆಲೆಕ್ಟ್ ಪ್ರೊಫೈಲ್ ಸೆಟ್‌ನಿಂದ ವಾಪಸ್ ಹಾಕಿ. ಅಲ್ಲಿಯ ತನಕ ಯಾವ ಅಪ್‌ಡೇಟೂ ಬೇಡ, ಯಾರಿಗೂ ಬೇಡದ ಪ್ಯಾಕೇಜ್‌ಗಳನ್ನು ಅಳಿಸುವ ಡೆಪ್‌ಕ್ಲೀನ್ ಅಂತೂ ಬೇಡವೇ ಬೇಡ.

ಪಟ್ಟಿ ನೋಡಿ ಪ್ರೊಫೈಲ್ ಬದಲಿಸಿಯೇ ಬಿಡೋಣ ಅನಿಸಿದರೆ, ಎಲ್ಲ ದಾರಿಗಳೂ ಹಿಂದಕ್ಕೆ ಬರುವುದಿಲ್ಲ ಎಂಬುದು ನೆನಪಿರಲಿ. ನೋ-ಮಲ್ಟಿಲಿಬ್‌ಗೆ (32-ಬಿಟ್ ಲೈಬ್ರರಿಗಳಿಲ್ಲದ ಪ್ರೊಫೈಲ್) ಹೋದವರು ಮಲ್ಟಿಲಿಬ್‌ಗೆ ಸುಲಭವಾಗಿ ಮರಳಲಾರರು. ಮೂಲ ಸಿ ಲೈಬ್ರರಿಯನ್ನು ಗ್ಲಿಬ್‌ಸಿಯಿಂದ ಮಸಲ್‌ಗೆ ಬದಲಿಸಬೇಕಿದ್ದರೆ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಸರಿ. ಓಪನ್‌ಆರ್‌ಸಿ, ಸಿಸ್ಟಮ್‌ಡಿ ನಡುವೆ ಓಡಾಡಬಹುದು, ಆದರೆ ರೀಬೂಟ್‌ಗೆ ಮೊದಲು ಬೂಟ್‌ಲೋಡರ್ ಮತ್ತು ಸರ್ವಿಸ್‌ಗಳನ್ನು ಸರಿಮಾಡಿಕೊಂಡಿರಬೇಕು.

## ಸಹಾಯ ಕೇಳುವಾಗ ಜೊತೆಗೆ ಕಳಿಸಬೇಕಾದವು

ಬರೀ "ಪಟ್ಟಿ ಹೊಂದುತ್ತಿಲ್ಲ" ಎಂದರೆ ಯಾರಿಗೂ ಏನೂ ಹೇಳಲಾಗುವುದಿಲ್ಲ. ಎರಡೂ ಪ್ರೊಫೈಲ್‌ಗಳ ಪೂರ್ತಿ ಹೆಸರು, ಟೈಮ್‌ಸ್ಟ್ಯಾಂಪ್ ಫೈಲ್‌ನ ಗೆರೆ, ಹಂತ 5ರ ಪ್ರೊಫೈಲ್‌ಗಳ ಸಾಲು, ಕಾಮ್ ಕೊಟ್ಟ ಉತ್ತರ, /ಇಟಿಸಿ/ಪೋರ್ಟೇಜ್/ಪ್ರೊಫೈಲ್ ಇದೆಯೋ ಇಲ್ಲವೋ ಎಂಬುದು, ಇಷ್ಟನ್ನು ಕಳಿಸಿ. ಪರದೆಯ ಫೋಟೋ ಬೇಡ, ಅಕ್ಷರಗಳನ್ನೇ ಅಂಟಿಸಿ. ಸ್ಲಾಟ್ ನಂಬರ್‌ನ ಒಂದು ಅಂಕಿ ಫೋಟೋದಲ್ಲಿ ಮಸುಕಾದರೂ ಹಂತ 2ರಲ್ಲಿ ಹೇಳಿದ ತಪ್ಪು ಕಣ್ಣಿಗೆ ಬೀಳುವುದಿಲ್ಲ.